ಬ್ಯಾಲೆ ಕಲಿಯುವವರ ಬಲ ಮತ್ತು ಜಿಗಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಲೆ ಕಲಿಯುವ ಮಕ್ಕಳಿಗೂ ದೊಡ್ಡವರಿಗೂ ಬಲದ ಸಾಧನೆ ಮಾಡಿಸುವುದು ನನ್ನ ಕೆಲಸ. ತರಗತಿ ಮುಗಿದು ಶೂ ಕಳಚುವಾಗ, ರಾತ್ರಿ ಹತ್ತರ ವಾಟ್ಸ್‌ಆ್ಯಪ್ ಧ್ವನಿ ಸಂದೇಶದಲ್ಲಿ, ಪಾರ್ಕಿಂಗ್ ಜಾಗದಲ್ಲಿ ಸ್ಕೂಟರ್ ಸ್ಟಾರ್ಟ್ ಮಾಡಿಟ್ಟುಕೊಂಡೇ ನಿಂತ ಅಮ್ಮಂದಿರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆ ಕೇಳಿದವರ ಮಾತಿನಲ್ಲೇ ಇದೆ.

ಬ್ಯಾಲೆಯ ಪದಗಳು ಬಹುಪಾಲು ಫ್ರೆಂಚ್ ಆದ್ದರಿಂದ ಮೊದಲೇ ನಾಲ್ಕನ್ನು ಹೇಳಿಬಿಡುತ್ತೇನೆ. ಪ್ಲಿಯೆ ಎಂದರೆ ಮಂಡಿ ಬಗ್ಗಿಸುವುದು. ರೆಲೆವೆ ಎಂದರೆ ಹಿಮ್ಮಡಿ ಎತ್ತಿ ಮುಂಗಾಲ ಮೇಲೆ ಏರುವುದು. ಟರ್ನ್‌ಔಟ್ ಎಂದರೆ ಸೊಂಟದ ಕೀಲಿನಿಂದ ಕಾಲನ್ನು ಹೊರಕ್ಕೆ ತಿರುಗಿಸುವುದು. ಎರಡೂ ಕಾಲಲ್ಲಿ ನಿಂತಲ್ಲೇ ಜಿಗಿಯುವುದಕ್ಕೆ ಸೋತೆ ಎನ್ನುತ್ತಾರೆ. ಕನ್ನಡದ ಮಕ್ಕಳಿಗೆ ಈ ಪದ ಕೇಳಿದಾಗಲೆಲ್ಲ ನಗು. ‘ಮಿಸ್, ಹದಿನಾರು ಸಲ ಸೋತೆ’ ಎಂದು ಹೇಳಿಕೊಂಡೇ ಜಿಗಿಯುತ್ತಾರೆ.

## ಶುರುವಿನ ಪ್ರಶ್ನೆಗಳು

ಬ್ಯಾಲೆ ಕ್ಲಾಸೇ ದೊಡ್ಡ ವ್ಯಾಯಾಮ ಅಲ್ವಾ? ಅದರ ಮೇಲೆ ಬೇರೆ ಬಲದ ತರಬೇತಿ ಯಾಕೆ?

ತರಗತಿಯಲ್ಲಿ ಬಲ ಬರುತ್ತದೆ, ಆದರೆ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಬಾರ್, ಅಂದರೆ ಗೋಡೆಗುಂಟದ ಹಿಡಿಗಂಬಿ, ಹಿಡಿದು ಪ್ಲಿಯೆ ಮಾಡುವಾಗ ನೀವು ಎತ್ತುವುದು ನಿಮ್ಮ ಮೈತೂಕವನ್ನಷ್ಟೆ. ಮೊದಲ ವರ್ಷವೂ ಅದೇ ಭಾರ, ಆರನೇ ವರ್ಷವೂ ಅದೇ ಭಾರ. ಸ್ನಾಯು ಅದಕ್ಕೆ ಎಂದೋ ಒಗ್ಗಿಕೊಂಡಿರುತ್ತದೆ. ಆದರೆ ದೊಡ್ಡ ಜಿಗಿತದಿಂದ ಒಂಟಿಕಾಲಲ್ಲಿ ಇಳಿಯುವ ಕ್ಷಣದಲ್ಲಿ ಆ ಕಾಲು ತಡೆಯಬೇಕಾದದ್ದು ಮೈತೂಕದ ಹಲವು ಪಟ್ಟು. ಅಮೆರಿಕದಲ್ಲಿ ಒಂದೂವರೆ ಗಂಟೆಯ ತರಗತಿಗಳಲ್ಲಿ ಜಿಗಿತಗಳನ್ನು ಎಣಿಸಿದವರಿಗೆ 200ಕ್ಕೂ ಹೆಚ್ಚು ಸಿಕ್ಕಿದ್ದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂಟಿಕಾಲಲ್ಲಿ ಇಳಿಯುವಂಥವು. ಕೈಯಲ್ಲಿ ಕಾಸೇ ಉಳಿಸಿಕೊಳ್ಳದೆ ದಿನಾ ಸಂತೆಗೆ ಹೋಗುವ ಹಾಗಾಯಿತು ಇದು.

ಇದು ಈಗಿನ ಕಾಲದ ಶೋಕಿಯೂ ಅಲ್ಲ. ಬ್ಯಾಲೆಯ ಹೆಸರಾಂತ ನರ್ತಕಿ ಮರೀ ಟಾಲ್ಯೋನಿ 1822ರಲ್ಲಿ ವಿಯೆನ್ನಾದಲ್ಲಿ ರಂಗಕ್ಕೆ ಬರುವ ಮೊದಲು ಅಪ್ಪ ಫಿಲಿಪ್ಪೊ ಅವಳಿಂದ ಆರು ತಿಂಗಳು, ದಿನಕ್ಕೆ ಆರು ಗಂಟೆ ಸಾಧನೆ ಮಾಡಿಸಿದ. ಅದರಲ್ಲಿ ಎರಡು ಗಂಟೆ ಕಾಲಿನ ಬಲಕ್ಕೆ, ಎರಡು ಗಂಟೆ ನಿಲುವುಗಳಿಗೆ, ಎರಡು ಗಂಟೆ ಜಿಗಿತಕ್ಕೆ. ಹತ್ತು ವರ್ಷದ ನಂತರ ಪ್ಯಾರಿಸ್ಸಿನಲ್ಲಿ ಅವಳು ಗಾಳಿಯಲ್ಲಿ ತೇಲುವ ಯಕ್ಷಿಣಿಯಾಗಿ ಕಂಡದ್ದರ ಹಿಂದೆ ಆ ಬೆವರಿತ್ತು. ಇವತ್ತು ಲಂಡನ್ನಿನ ರಾಯಲ್ ಬ್ಯಾಲೆಯಂಥ ತಂಡಗಳಲ್ಲಿ ಬಲದ ತರಬೇತುದಾರರು ಸಂಬಳದ ಮೇಲೆ ಇದ್ದಾರೆ, ನರ್ತಕರು ಬಾರ್‌ಬೆಲ್ ಹೊತ್ತು ಸ್ಕ್ವಾಟ್, ಅಂದರೆ ಕೂತೇಳುವ ವ್ಯಾಯಾಮ, ಮಾಡುತ್ತಾರೆ.

ಭಾರ ಎತ್ತಿದ್ರೆ ಕಾಲು ದಪ್ಪ ಆಗಲ್ವಾ ಮೇಡಂ?

ನನಗೆ ಬರುವ ಹತ್ತು ಪ್ರಶ್ನೆಗಳಲ್ಲಿ ನಾಲ್ಕು ಇದೇ. ಮೊದಲ ಆರೆಂಟು ವಾರ ಬಲ ಹೆಚ್ಚುವುದು ಬಹುಪಾಲು ನರಗಳಿಂದ. ಇರುವ ಸ್ನಾಯುವಿನಲ್ಲೇ ಹೆಚ್ಚು ಎಳೆಗಳನ್ನು ಒಟ್ಟಿಗೆ, ಬೇಗ ಎಬ್ಬಿಸುವುದನ್ನು ಮೈ ಕಲಿಯುತ್ತದೆ. ಅಳತೆಪಟ್ಟಿಗೆ ಸಿಗದ ಬದಲಾವಣೆ ಅದು. ದೇಹದಾರ್ಢ್ಯದವರ ಹಾಗೆ ಸ್ನಾಯು ಉಬ್ಬಬೇಕಾದರೆ ವಾರವಿಡೀ ರಾಶಿ ರಾಶಿ ಸೆಟ್, ದಣಿಯುವವರೆಗೂ ಎತ್ತುವುದು, ಖರ್ಚಿಗಿಂತ ಹೆಚ್ಚು ಊಟ ಎಲ್ಲ ಬೇಕು. ವಾರಕ್ಕೆರಡು ದಿನ, ಐದೈದು ಸಲ ಭಾರ ಎತ್ತಿ, ಮೂರು ನಿಮಿಷ ಕೂತು ದಣಿವಾರಿಸಿಕೊಳ್ಳುವ ಹುಡುಗಿಗೆ ಅದು ತಾನಾಗಿ ಆಗುವುದಿಲ್ಲ.

ತಮಾಷೆ ಏನೆಂದರೆ, ದಪ್ಪವಾಗುವ ಭಯಕ್ಕೆ ಒಂದು ಕಿಲೋ ಡಂಬೆಲ್ ಹಿಡಿದು ಉರಿ ಹತ್ತುವವರೆಗೂ ಐವತ್ತು ಸಲ ಮಾಡುತ್ತಾರಲ್ಲ, ಸ್ನಾಯು ಬೆಳೆಸುವ ದಾರಿಗೆ ಹತ್ತಿರವಿರುವುದು ಅದೇ. ತೊಡೆ ಒಂದಿಷ್ಟು ಗಟ್ಟಿಯಾಗಿ ಕಂಡರೂ ಕಾಣಬಹುದು. ನನಗೆ ಅದರಲ್ಲಿ ತಕರಾರಿಲ್ಲ.

ನಮ್ಮಜ್ಜ ಗರಡಿಯಲ್ಲಿ ದಿನಾ ಐನೂರು ಬಸ್ಕಿ ಹೊಡೀತಿದ್ರಂತೆ. ಅದನ್ನೇ ಮಾಡಿದ್ರೆ ಸಾಲದಾ?

ಅಜ್ಜನಿಗೆ ನಮಸ್ಕಾರ. ಆದರೆ ಐನೂರು ಬಸ್ಕಿ ಬೆಳೆಸುವುದು ಸೈರಣೆಯನ್ನು. ಅಖಾಡದಲ್ಲಿ ಎದುರಾಳಿಯನ್ನು ಬಹಳ ಹೊತ್ತು ಹಿಡಿದುಕೊಂಡಿರಬೇಕಾದ ಪೈಲ್ವಾನನಿಗೆ ಅದು ಸರಿ. ಜಿಗಿತದಲ್ಲಿ ಕಾಲು ನೆಲ ಒತ್ತುವುದು ಸೆಕೆಂಡಿನ ಮೂರನೇ ಒಂದು ಪಾಲಿನಷ್ಟು ಹೊತ್ತು, ಎಷ್ಟೋ ಸಲ ಅದಕ್ಕೂ ಕಡಿಮೆ. ಅಷ್ಟರಲ್ಲಿ ಎಷ್ಟು ಜೋರಾಗಿ ಒತ್ತಿದಿರಿ ಎಂಬುದೇ ಎತ್ತರ. ಗರಡಿಯವರಿಂದ ಕಲಿಯಬೇಕಾದ್ದು ಬಸ್ಕಿಯ ಲೆಕ್ಕವಲ್ಲ, ಕಲ್ಲಿನ ಗುಂಡು ಎತ್ತುತ್ತಿದ್ದರಲ್ಲ, ಅದು. ಭಾರ ಹೆಚ್ಚು, ಸಂಖ್ಯೆ ಕಡಿಮೆ.

ಹತ್ತು ವರ್ಷ ಭರತನಾಟ್ಯ ಕಲ್ತಿದೀನಿ. ಅರಮಂಡಿಯ ಬಲ ಬ್ಯಾಲೆಗೆ ಬರುತ್ತಾ?

ಅರ್ಧ ಬರುತ್ತದೆ. ಅರಮಂಡಿಯಲ್ಲಿ ತೊಡೆಗೆ ಸಿಕ್ಕ ಸೈರಣೆ, ಬೆನ್ನು ನೆಟ್ಟಗೆ ಇಟ್ಟುಕೊಳ್ಳುವ ಅಭ್ಯಾಸ, ತಾಳದ ಖಚಿತತೆ ಎಲ್ಲವೂ ಲಾಭವೇ. ಉಳಿದರ್ಧದಲ್ಲಿ ಎರಡು ಅಡ್ಡಿ. ಅಲ್ಲಿ ಮಂಡಿ ಬಗ್ಗಿದ ಮಟ್ಟದಲ್ಲೇ ಉಳಿಯುವುದು ಶಿಸ್ತು, ಇಲ್ಲಿ ಪ್ಲಿಯೆಯ ತಳದಿಂದ ತಕ್ಷಣ ಚಿಮ್ಮಬೇಕು. ತಳದಲ್ಲಿ ಅರೆಕ್ಷಣ ಕೂತರೂ ಸ್ನಾಯುರಜ್ಜುವಿನಲ್ಲಿ ಕೂಡಿಟ್ಟ ಚಿಮ್ಮು ಸೋರಿಹೋಗುತ್ತದೆ. ಅಡವು ಮಾಡಿದವರು ಅಲ್ಲಿ ಕೂತುಬಿಡುತ್ತಾರೆ, ನಾನೂ ಎರಡು ವರ್ಷ ಕೂತಿದ್ದೆ. ಇನ್ನೊಂದು ಪಾದ. ತಟ್ಟುವ ಪಾದಕ್ಕೆ ಇಡೀ ಅಂಗಾಲು ಒಟ್ಟಿಗೆ ನೆಲಕ್ಕೆ ಬಂದು ರೂಢಿ. ಬ್ಯಾಲೆಯಲ್ಲಿ ಇಳಿಯುವಾಗ ಬೆರಳು, ಮುಂಗಾಲು, ಆಮೇಲೆ ಹಿಮ್ಮಡಿ. ಈ ಸುರುಳಿ ಬಿಚ್ಚುವ ಕ್ರಮವನ್ನು ಹೊಸದಾಗಿಯೇ ಕಲಿಯಬೇಕು.

ಮನೇಲಿ ಗ್ರಾನೈಟ್ ನೆಲ. ಹಾಲ್‌ನಲ್ಲೇ ಜಿಗಿದು ಪ್ರಾಕ್ಟೀಸ್ ಮಾಡಬಹುದಾ?

ಬೇಡ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್, ಕಾಂಕ್ರೀಟ್ ಮೇಲಿನ ಕಾವಿ ನೆಲ ಯಾವುದೂ ಒಂದು ಕೂದಲೆಳೆಯಷ್ಟೂ ತಗ್ಗುವುದಿಲ್ಲ. ಬ್ಯಾಲೆ ಶಾಲೆಯ ಸ್ಪ್ರಂಗ್ ಫ್ಲೋರಿನಲ್ಲಿ ಮರದ ಹಲಗೆಯ ಕೆಳಗೆ ಟೊಳ್ಳು ಜಾಗವೋ ರಬ್ಬರ್ ಮೆತ್ತೆಯೋ ಇರುತ್ತದೆ, ಮೇಲೆ ಜಾರದ ವಿನೈಲ್ ಹಾಸು. ಯೋಗದ ಚಾಪೆ ಹಾಸಿಕೊಂಡರೆ ಆಯಿತಲ್ಲ ಎನ್ನುವವರಿಗೆ: ಚಾಪೆ ಪಾದದಡಿ ಸರಿಯುತ್ತದೆ, ಕಾಲ್ಗಂಟು ಹೊರಳುತ್ತದೆ. ಮನೆಯಲ್ಲಿ ಬಲದ ಕೆಲಸ, ಶಾಲೆಯ ನೆಲದಲ್ಲಿ ಜಿಗಿತ ಎಂದು ಭಾಗ ಮಾಡಿಕೊಳ್ಳಿ. ಮೆಟ್ಟಿಲಿನ ಅಂಚಿನಲ್ಲಿ ಹಿಮ್ಮಡಿ ಎತ್ತಿ ಇಳಿಸಲು ಗ್ರಾನೈಟ್ ಏನೂ ಅಡ್ಡಿ ಮಾಡದು.

ಮಗಳಿಗೆ ಒಂಬತ್ತು. ಈಗಲೇ ತೂಕ ಎತ್ತಿಸಿದ್ರೆ ಎತ್ತರ ಬೆಳೆಯೋದು ನಿಂತುಹೋಗಲ್ವಾ?

ನಿಲ್ಲುವುದಿಲ್ಲ. ಬಲ್ಲವರು ಎದುರಿಗಿದ್ದು ಸರಿಯಾದ ಕ್ರಮದಲ್ಲಿ ಮಾಡಿಸಿದರೆ ಮಕ್ಕಳಿಗೆ ಬಲದ ವ್ಯಾಯಾಮ ಸುರಕ್ಷಿತ ಎಂಬುದನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಒಪ್ಪಿದೆ. ಒಂಬತ್ತಕ್ಕೆ ಬಾರ್‌ಬೆಲ್ ಅವಸರವಿಲ್ಲ, ಅಷ್ಟೆ. ಗೋಡೆಗೆ ಒರಗಿ ದಂಡ, ಪುಟ್ಟ ಸ್ಟೂಲ್ ಹತ್ತಿ ಇಳಿಯುವುದು, ಸ್ಕಿಪ್ಪಿಂಗ್ ಹಗ್ಗ. ಮಣ್ಣಿನ ಅಂಗಳ ಸಿಕ್ಕರೆ ಕುಂಟಾಬಿಲ್ಲೆ ಆಡಲಿ. ಒಂಟಿಕಾಲಲ್ಲಿ ಕುಪ್ಪಳಿಸಿ, ಗೆರೆ ತುಳಿಯದೆ ಇಳಿದು, ಬಗ್ಗಿ ಬಿಲ್ಲೆ ಎತ್ತಿಕೊಂಡು ಮತ್ತೆ ಕುಪ್ಪಳಿಸುವ ಆ ಆಟದಲ್ಲಿ ಜಿಗಿತದ ಅರ್ಧ ಪಾಠವಿದೆ.

ಎಚ್ಚರ ಬೇಕಾದ್ದು ಹನ್ನೊಂದರಿಂದ ಹದಿನಾಲ್ಕರ ಆಸುಪಾಸು, ಒಮ್ಮೆಲೇ ಎತ್ತರ ಬೆಳೆಯುವಾಗ. ಮೂಳೆ ಉದ್ದವಾಗಿ ಸ್ನಾಯು ಹಿಂದೆ ಉಳಿಯುತ್ತದೆ. ಮಂಡಿಯ ಕೆಳಗಿನ ಗುಬ್ಬಿ ಅಥವಾ ಹಿಮ್ಮಡಿಯ ಹಿಂಭಾಗ ನೋಯುತ್ತದೆ, ನಿನ್ನೆ ಬರುತ್ತಿದ್ದದ್ದು ಇವತ್ತು ಬರುವುದಿಲ್ಲ. ಆಗ ಜಿಗಿತದ ಸಂಖ್ಯೆ ಇಳಿಸಿ, ಬಲದ ಕೆಲಸ ಹಗುರವಾಗಿ ಮುಂದುವರಿಸಿ. ಬೆರಳ ತುದಿಯ ಮೇಲೆ ನಿಲ್ಲಲು ಹಾಕುವ ಪಾಯಿಂಟ್ ಶೂ ಕೂಡ ಸಾಮಾನ್ಯವಾಗಿ ಹನ್ನೆರಡರ ಸುಮಾರಿಗೆ, ಅದೂ ಕೆಲವು ವರ್ಷ ನಿಯಮಿತವಾಗಿ ಕಲಿತ ಮೇಲೆ. ಪಕ್ಕದ ಮನೆಯ ಹುಡುಗಿ ಹಾಕಿಕೊಂಡಳು ಎನ್ನುವುದು ಲೆಕ್ಕಕ್ಕಿಲ್ಲ.

## ಬಲದ ಕೆಲಸ

ಯಾವ ವ್ಯಾಯಾಮ, ಎಷ್ಟು ಸಲ? ಸುತ್ತಿ ಬಳಸಿ ಬೇಡ, ನೇರವಾಗಿ ಹೇಳಿ.

ಹದಿನೈದು ದಾಟಿದ, ನೋವಿಲ್ಲದ, ವಾರಕ್ಕೆ ಮೂರ್ನಾಲ್ಕು ತರಗತಿಗೆ ಹೋಗುವವರಿಗೆ ನಾನು ಕೊಡುವುದು ವಾರಕ್ಕೆರಡು ದಿನ, ಮುಕ್ಕಾಲು ಗಂಟೆ. ಎದೆಗೆ ಡಂಬೆಲ್ ಅವುಚಿಕೊಂಡು ಸ್ಕ್ವಾಟ್. ಸೊಂಟದಿಂದ ಬಾಗಿ ಭಾರವನ್ನು ತೊಡೆಗುಂಟ ಇಳಿಸಿ ಎತ್ತುವ ರೊಮೇನಿಯನ್ ಡೆಡ್‌ಲಿಫ್ಟ್. ಹಿಂದಿನ ಪಾದವನ್ನು ಬೆಂಚಿನ ಮೇಲಿಟ್ಟು ಮುಂದಿನ ಒಂಟಿಕಾಲಲ್ಲಿ ಇಳಿದೇಳುವ ಸ್ಪ್ಲಿಟ್ ಸ್ಕ್ವಾಟ್. ಮೀನಖಂಡಕ್ಕೆ ಎರಡು ಬಗೆ, ಅದನ್ನು ಮುಂದಿನ ಉತ್ತರದಲ್ಲಿ ಹೇಳುತ್ತೇನೆ. ಜೊತೆಗೆ ದಂಡ ಮತ್ತು ಎಳೆಯುವ ಒಂದು ವ್ಯಾಯಾಮ, ಏಕೆಂದರೆ ಜಿಗಿತಕ್ಕೆ ತೋಳಿನ ಬೀಸೂ ಎತ್ತರ ಕೊಡುತ್ತದೆ. ಜೊತೆಗಾತಿಯನ್ನು ಎತ್ತಬೇಕಾದ ಹುಡುಗರಿಗಂತೂ ಇದು ಬಿಡುವ ಹಾಗೇ ಇಲ್ಲ.

ಮೊದಲ ತಿಂಗಳು ಹತ್ತು ಸಲ ಎತ್ತಬಹುದಾದ ಹಗುರ ಭಾರದಲ್ಲಿ ಕ್ರಮ ಕಲಿಯಿರಿ. ಆಮೇಲೆ ಐದಾರು ಸಲದ ಮೂರು ಸೆಟ್. ಸೆಟ್ ಮುಗಿದಾಗ ‘ಇನ್ನೆರಡು ಸಲ ಎತ್ತಬಹುದಿತ್ತು’ ಅನ್ನಿಸಬೇಕು, ಇನ್ನು ಹತ್ತು ಅನ್ನಿಸಿದರೆ ಭಾರ ಸಾಲದು. ಸೆಟ್ಟುಗಳ ನಡುವೆ ಎರಡು ಮೂರು ನಿಮಿಷ ಸುಮ್ಮನೆ ಕೂರಿ. ಬ್ಯಾಲೆಯವರಿಗೆ ಈ ಕೂರುವುದೇ ಕಷ್ಟ. ನೋಡುವಷ್ಟರಲ್ಲಿ ಎದ್ದು ಕನ್ನಡಿ ಮುಂದೆ ತೆಂದೂ, ಅಂದರೆ ಪಾದ ಚಾಚುವ ಅಭ್ಯಾಸ, ಮಾಡುತ್ತಿರುತ್ತಾರೆ. ಭಾರ ಎಷ್ಟೆಂದು ಪ್ರತಿ ಸಲ ಪುಸ್ತಕದಲ್ಲಿ ಬರೆದಿಡಿ, ಮೂರು ತಿಂಗಳಾದರೂ ಅದೇ ಅಂಕಿ ಇದ್ದರೆ ನೀವು ಮಾಡುತ್ತಿರುವುದು ಬಲದ ತರಬೇತಿಯಲ್ಲ.

ರೆಲೆವೆ ದಿನಾ ನೂರು ಮಾಡ್ತೀವಿ. ಮೀನಖಂಡಕ್ಕೆ ಮತ್ತೇನು ಬೇಕು?

ಒಂಟಿಕಾಲಲ್ಲಿ ನಿಂತು, ಗೋಡೆಗೆ ಎರಡೇ ಬೆರಳು ತಾಗಿಸಿ, ಮಂಡಿ ಬಗ್ಗಿಸದೆ, ಪೂರ್ತಿ ಎತ್ತರಕ್ಕೆ ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸಿ. ಇಪ್ಪತ್ತೈದು ಬರಬೇಕು. ತರಗತಿಯಲ್ಲಿ ಚೆಂದವಾಗಿ ಕಾಣುವ ಎಷ್ಟೋ ಜನ ಹದಿನೈದಕ್ಕೇ ನಿಲ್ಲುತ್ತಾರೆ, ಅಥವಾ ಹತ್ತರ ನಂತರ ಎತ್ತರ ಅರ್ಧಕ್ಕಿಳಿಯುತ್ತದೆ. ಎರಡು ಕಾಲಿನ ರೆಲೆವೆಯಲ್ಲಿ ಗಟ್ಟಿ ಕಾಲು ಬಲ ಕಡಿಮೆಯಿರುವ ಕಾಲಿನ ಕೆಲಸವನ್ನೂ ತಾನೇ ಮಾಡಿ ಮುಚ್ಚಿಹಾಕಿರುತ್ತದೆ.

ಮೀನಖಂಡದಲ್ಲಿ ಎರಡು ಸ್ನಾಯುಗಳಿವೆ. ಮೇಲಿನದು ಮಂಡಿ ನೆಟ್ಟಗಿದ್ದಾಗ ದುಡಿಯುತ್ತದೆ. ಅದರಡಿಯ ಸೋಲಿಯಸ್ ಮಂಡಿ ಬಗ್ಗಿದಾಗ, ಅಂದರೆ ಪ್ಲಿಯೆಯಿಂದ ಚಿಮ್ಮುವಾಗಲೂ ಇಳಿಯುವಾಗಲೂ ಹೊರೆ ಹೊರುತ್ತದೆ. ಹಾಗಾಗಿ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಭಾರವಿಟ್ಟು ಹಿಮ್ಮಡಿ ಎತ್ತುವುದನ್ನೂ ಸೇರಿಸಿ. ಜಿಮ್ ಇಲ್ಲವೇ? ಹತ್ತು ಕಿಲೋ ಅಕ್ಕಿ ಚೀಲ ಸಾಕು. ಮೆಲ್ಬರ್ನಿನ ಆಸ್ಟ್ರೇಲಿಯನ್ ಬ್ಯಾಲೆ ತಂಡದವರು ಪಾದದ ತೊಂದರೆ ತಡೆಯಲು ನೆಚ್ಚಿಕೊಂಡಿರುವ ಮುಖ್ಯ ಮದ್ದು ಈ ಹಿಮ್ಮಡಿ ಎತ್ತುವಿಕೆಯೇ. ಮೀನಖಂಡವನ್ನು ಜಗ್ಗಿ ಹಿಗ್ಗಿಸುವುದಕ್ಕಿಂತ ಅದಕ್ಕೆ ಬಲ ತುಂಬುವುದನ್ನೇ ಅವರು ಆರಿಸಿಕೊಂಡರು.

ಸ್ಕ್ವಾಟ್ ಮಾಡುವಾಗಲೂ ಪಾದ ಪೂರ್ತಿ ಹೊರಕ್ಕೆ ತಿರುಗಿಸಬೇಕಾ?

ಬೇಡ. ದಿನಕ್ಕೆ ಎರಡು ಗಂಟೆ ಟರ್ನ್‌ಔಟಿನಲ್ಲಿ ಕಳೆಯುವ ಕಾಲಿಗೆ ನೆಟ್ಟಗಿನ ಕೆಲಸ ಬೇಕು. ಭಾರ ಹೊತ್ತಾಗ ಪಾದ ಎಷ್ಟು ತಿರುಗಿದೆಯೋ ಮಂಡಿ ಅದೇ ದಿಕ್ಕಿಗೆ ಹೋಗಬೇಕು. ಸೊಂಟ ಕೊಡದ ತಿರುವನ್ನು ಮಂಡಿಯಿಂದಲೂ ಪಾದದಿಂದಲೂ ಸಾಲ ತಂದು, ಮೇಲೆ ಮೂವತ್ತು ಕಿಲೋ ಹೇರಿದರೆ ತೀರಿಸುವುದು ಮಂಡಿಯೇ.

ಸ್ಟ್ರೆಚಿಂಗ್ ಕ್ಲಾಸಿಗೆ ಮೊದಲಾ, ಆಮೇಲಾ?

ಆಮೇಲೆ. ಒಂದು ನಿಮಿಷಕ್ಕಿಂತ ಹೆಚ್ಚು ಹಿಗ್ಗಿಸಿ ಹಿಡಿದ ಸ್ನಾಯು ಸ್ವಲ್ಪ ಹೊತ್ತು ಜೋರಾಗಿ ಒತ್ತಲಾರದು. ತರಗತಿಗೆ ಮೊದಲು ಸ್ಪ್ಲಿಟ್‌ನಲ್ಲಿ ಕೂತು ಫೋನ್ ನೋಡುವುದು ಚೆಂದದ ದೃಶ್ಯ, ಜಿಗಿತಕ್ಕೆ ಮಾತ್ರ ಕೆಟ್ಟದ್ದು. ಮೊದಲು ಬೆವರೊಡೆಯುವಷ್ಟು ಓಡಾಡಿ, ಕಾಲು ಬೀಸಿ.

## ಜಿಗಿತ

ಎಷ್ಟೇ ಒದ್ದಾಡಿದ್ರೂ ಎತ್ತರ ಜಿಗಿಯೋಕಾಗ್ತಿಲ್ಲ. ಎಲ್ಲಿ ತಪ್ಪಾಗ್ತಿದೆ?

ಮೊದಲು ಅಳೆಯಿರಿ, ಆಮೇಲೆ ಅಳಿ. ಈಗಿನ ಬಹಳಷ್ಟು ಫೋನುಗಳಲ್ಲಿ ಸೆಕೆಂಡಿಗೆ 240 ಚಿತ್ರ ಹಿಡಿಯುವ ಸ್ಲೋ ಮೋಷನ್ ಇದೆ. ಫೋನನ್ನು ನೆಲಮಟ್ಟದಲ್ಲಿಟ್ಟು ಒಂದು ಸೋತೆ ಚಿತ್ರೀಕರಿಸಿ. ಬೆರಳು ನೆಲ ಬಿಟ್ಟ ಚಿತ್ರದಿಂದ ಮತ್ತೆ ನೆಲ ಮುಟ್ಟಿದ ಚಿತ್ರದವರೆಗೆ ಎಣಿಸಿ 240ರಿಂದ ಭಾಗಿಸಿದರೆ ಗಾಳಿಯಲ್ಲಿದ್ದ ಸಮಯ ಸಿಗುತ್ತದೆ. ಆ ಸಮಯವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 123ರಿಂದ ಗುಣಿಸಿ. ಅದೇ ಸೆಂಟಿಮೀಟರಿನಲ್ಲಿ ನಿಮ್ಮ ಎತ್ತರ. 0.4 ಸೆಕೆಂಡಿಗೆ ಸುಮಾರು 20 ಸೆಂ.ಮೀ., 0.5ಕ್ಕೆ 31, 0.6ಕ್ಕೆ 44. ಇಳಿಯುವಾಗ ಮಂಡಿ ಮಡಚಿಕೊಂಡೇ ಬಂದರೆ ಲೆಕ್ಕ ಸುಳ್ಳು ಹೇಳುತ್ತದೆ, ಕಾಲು ನೆಟ್ಟಗಿರಲಿ.

ಈಗ ಎರಡು ಬಗೆಯಲ್ಲಿ ಜಿಗಿದು ಹೋಲಿಸಿ. ಒಂದು, ಪ್ಲಿಯೆಯ ತಳದಲ್ಲಿ ಮೂರು ಎಣಿಸುವವರೆಗೆ ನಿಂತು ಜಿಗಿಯುವುದು. ಇನ್ನೊಂದು, ನಿಲ್ಲದೆ ಇಳಿದು ಚಿಮ್ಮುವುದು. ನಿಲ್ಲದೆ ಚಿಮ್ಮಿದ್ದು ಎತ್ತರವಿರಬೇಕು. ಎರಡೂ ಒಂದೇ ಆದರೆ ನಿಮ್ಮಲ್ಲಿ ಬಲವಿದೆ, ಚಿಮ್ಮು ಇಲ್ಲ, ಹಗ್ಗದಾಟ ಮತ್ತು ಸಣ್ಣ ಕುಪ್ಪಳಿಕೆ ಹೆಚ್ಚಿಸಿ. ಎರಡೂ ತಗ್ಗಾಗಿದ್ದರೆ ಬಲವೇ ಸಾಲದು, ಸ್ಕ್ವಾಟಿಗೆ ಹೋಗಿ. ಎರಡೂ ಚೆನ್ನಾಗಿದ್ದು ತರಗತಿಯಲ್ಲಿ ಮಾತ್ರ ಏಳದಿದ್ದರೆ ತೊಂದರೆ ಚಳಕದ್ದು: ಹೆಗಲು ಬಿಗಿಯುವುದು, ತೋಳು ತಡವಾಗುವುದು, ಹಿಮ್ಮಡಿ ನೆಲ ಮುಟ್ಟದೇ ಹೊರಡುವುದು. ಅದನ್ನು ತಿದ್ದಬೇಕಾದವರು ನಿಮ್ಮ ಬ್ಯಾಲೆ ಗುರುಗಳು, ನಾನಲ್ಲ.

ಕೆಲವರು ಗಾಳೀಲಿ ಒಂದು ಕ್ಷಣ ನಿಂತೇಬಿಟ್ಟ ಹಾಗೆ ಕಾಣ್ತಾರಲ್ಲ, ಅದು ಹೇಗೆ?

ಬ್ಯಾಲೆಯಲ್ಲಿ ಇದಕ್ಕೆ ಬಾಲೊನ್ ಎನ್ನುತ್ತಾರೆ. ರಷ್ಯದ ನರ್ತಕ ವಾಸ್ಲಾವ್ ನಿಜಿನ್ಸ್ಕಿ 1911ರಲ್ಲಿ ಮಾಂಟೆ ಕಾರ್ಲೋದಲ್ಲಿ ಬ್ಯಾಲೆಯೊಂದರಲ್ಲಿ ಗುಲಾಬಿಯ ಆತ್ಮವಾಗಿ ಕಿಟಕಿಯಿಂದ ಹಾರಿಹೋದದ್ದನ್ನು ಕಂಡವರು ಅವನು ಕೆಳಗಿಳಿದದ್ದನ್ನೇ ಮರೆತರು. ಭೂಮಿಯ ಸೆಳೆತ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಆದರೂ ಕಣ್ಣಿಗೆ ಮೋಸ ಮಾಡಲು ಅದರೊಳಗೇ ಎಡೆಯಿದೆ.

ಎಸೆದ ಕಲ್ಲಾಗಲಿ ಜಿಗಿದ ಮನುಷ್ಯನಾಗಲಿ, ಗಾಳಿಯಲ್ಲಿರುವ ಸಮಯದ ಅರ್ಧವನ್ನು ಏರಿದ ಎತ್ತರದ ಮೇಲಿನ ಕಾಲುಭಾಗದಲ್ಲೇ ಕಳೆಯುತ್ತಾನೆ. ಮೇಲೆ ಹೋದಂತೆ ವೇಗ ಕುಗ್ಗುವುದೇ ಕಾರಣ. ಗ್ರಾಂ ಜೆತೆಯಲ್ಲಿ, ಅಂದರೆ ಎರಡು ಕಾಲೂ ಹಿಂದೆ ಮುಂದೆ ಚಾಚುವ ದೊಡ್ಡ ಜಿಗಿತದಲ್ಲಿ, ನರ್ತಕಿ ಇದಕ್ಕೆ ಇನ್ನೊಂದು ಜಾಣತನ ಸೇರಿಸುತ್ತಾಳೆ. ಮೈಯ ಭಾರಕೇಂದ್ರ ಬಿಲ್ಲಿನಂತೆ ಏರಿ ಇಳಿಯಲೇಬೇಕು. ಆದರೆ ತುದಿ ತಲುಪುವ ಹೊತ್ತಿಗೆ ಕಾಲುಗಳನ್ನೂ ತೋಳುಗಳನ್ನೂ ಮೇಲೆತ್ತಿದರೆ ಆ ಕೇಂದ್ರವೇ ಮೈಯೊಳಗೆ ಮೇಲಕ್ಕೆ ಸರಿಯುತ್ತದೆ. ಬಿಲ್ಲಿನ ಬಾಗು ಕಾಲಿನ ಪಾಲಾಗಿ, ತಲೆ ಎದೆಗಳು ಹೆಚ್ಚುಕಮ್ಮಿ ನೇರ ಗೆರೆಯಲ್ಲಿ ಸಾಗುತ್ತವೆ. ನೋಡುವವರು ಮುಖ ನೋಡುತ್ತಿರುತ್ತಾರೆ, ತೇಲಿದಳು ಅನ್ನುತ್ತಾರೆ. ಅಭ್ಯಾಸಕ್ಕೆ ಇದರಿಂದ ಸಿಗುವ ಪಾಠ: ಸ್ಪ್ಲಿಟ್ ತುದಿಯಲ್ಲಿ ತೆರೆಯಬೇಕು. ನೆಲ ಬಿಟ್ಟ ಕೂಡಲೇ ತೆರೆದರೂ, ಇಳಿಯುವಾಗ ತೆರೆದರೂ ಮಾಯೆ ಒಡೆಯುತ್ತದೆ. ಅದಕ್ಕೆ ಕಾಲು ಎಷ್ಟು ಹಿಗ್ಗುತ್ತದೆ ಎನ್ನುವುದಷ್ಟೇ ಸಾಲದು. ಹಿಗ್ಗಿದ ತುದಿಯಲ್ಲೂ ಕಾಲನ್ನು ಬೇಗ ಎತ್ತಿ ಹಿಡಿಯುವ ಬಲ ಬೇಕು.

ದೊಡ್ಡ ಜಿಗಿತ ಬರುತ್ತೆ, ಆದ್ರೆ ಪೆತಿ ಅಲೆಗ್ರೊದಲ್ಲಿ ಸಂಗೀತಕ್ಕಿಂತ ಹಿಂದೆ ಬೀಳ್ತೀನಿ.

ಪೆತಿ ಅಲೆಗ್ರೊ ಎಂದರೆ ಚಿಕ್ಕ ಚುರುಕು ಜಿಗಿತಗಳು. ಇವುಗಳಲ್ಲಿ ಕೆಲಸ ತೊಡೆಯಿಂದ ಕಾಲ್ಗಂಟಿಗೆ ಇಳಿಯುತ್ತದೆ. ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜು ಗಟ್ಟಿ ಸ್ಪ್ರಿಂಗಿನಂತಿದ್ದರೆ ನೆಲ ಮುಟ್ಟಿದ್ದೇ ತಡ ಎಸೆಯುತ್ತದೆ, ಸಡಿಲವಿದ್ದರೆ ನೀವು ಪ್ರತಿ ಸಲ ಹೊಸದಾಗಿ ಒತ್ತಿ ಏಳಬೇಕು, ತಾಳ ತಪ್ಪುತ್ತದೆ. ಮಂಡಿ ಅಷ್ಟಾಗಿ ಬಗ್ಗಿಸದೆ ಕಾಲ್ಗಂಟಿನಿಂದಷ್ಟೇ ಹತ್ತು ಕುಪ್ಪಳಿಕೆ, ನಾಲ್ಕು ಸೆಟ್, ವಾರಕ್ಕೆರಡು ಸಲ. ಹತ್ತೊಂಬತ್ತನೇ ಶತಮಾನದಲ್ಲಿ ಕೋಪನ್‌ಹೇಗನ್ನಿನಲ್ಲಿ ನೃತ್ಯ ಸಂಯೋಜಕ ಆಗಸ್ಟ್ ಬೂರ್ನೊನ್‌ವಿಲ್ ಕಟ್ಟಿದ ಶೈಲಿ ನೋಡಿ. ತೋಳು ತಣ್ಣಗೆ ಕೆಳಗಿರುತ್ತದೆ, ಕಾಲು ಮಾತ್ರ ಹುರಿಗಾಳಿನಂತೆ ಚಟಪಟ. ತೋಳಿನ ಸಹಾಯವಿಲ್ಲದೆ ಅಷ್ಟು ಚಿಮ್ಮಬೇಕಾದರೆ ಪಾದ ಎಷ್ಟು ಚುರುಕಿರಬೇಕು!

ಪ್ಲಯೋಮೆಟ್ರಿಕ್ಸ್ ವಿಡಿಯೋ ನೋಡಿ ದಿನಾ ಬಾಕ್ಸ್ ಮೇಲಿಂದ ಧುಮುಕ್ತಿದ್ದೀನಿ. ಸರಿನಾ?

ದಿನಾ ಎಂಬುದೇ ತಪ್ಪು. ಎತ್ತರದಿಂದ ಇಳಿದು, ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಚಿಮ್ಮುವ ಈ ವಿಧಾನವನ್ನು 1960ರ ದಶಕದಲ್ಲಿ ರೂಢಿಗೆ ತಂದವರು ಸೋವಿಯತ್ ತರಬೇತುದಾರ ಯೂರಿ ವೆರ್ಖೊಷಾನ್ಸ್ಕಿ. ಅವರದು ವರ್ಷಗಟ್ಟಲೆ ಭಾರ ಎತ್ತಿ ಗಟ್ಟಿಯಾದ ಅಥ್ಲೀಟುಗಳಿಗೆ ಮಾಡಿದ ಕಷಾಯ. ನೀವು ಅದನ್ನು ನೀರಿನ ಹಾಗೆ ಕುಡಿಯುತ್ತಿದ್ದೀರಿ.

ನನ್ನ ಕ್ರಮ ಇದು. ಮೊದಲು ಇಳಿಯುವುದನ್ನಷ್ಟೇ ಕಲಿಯಿರಿ: ತಗ್ಗು ಮೆಟ್ಟಿಲಿನಿಂದ ಇಳಿದು ಅಲ್ಲಾಡದೆ ಮೂರು ಸೆಕೆಂಡ್ ನಿಲ್ಲುವುದು. ಅದು ಒಂಟಿಕಾಲಲ್ಲೂ ಬಂದ ಮೇಲೆ ನಿಂತಲ್ಲೇ ಜಿಗಿತ, ಆಮೇಲೆ ಬಾಕ್ಸಿನ ಮೇಲಕ್ಕೆ ಜಿಗಿತ. ಮೇಲಕ್ಕೆ ಹೋದರೆ ಇಳಿಯುವ ಪೆಟ್ಟು ಕಡಿಮೆ ಎಂಬುದೇ ಇದರ ಉಪಕಾರ. ನಂತರ ಒಂಟಿಕಾಲ ಕುಪ್ಪಳಿಕೆ. ಬಾಕ್ಸಿನಿಂದ ಧುಮುಕಿ ಚಿಮ್ಮುವುದು ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತು ಮೂವತ್ತು ಸೆಂಟಿಮೀಟರ್ ಎತ್ತರದಿಂದ. ಒಂದು ದಿನಕ್ಕೆ ಪಾದ ನೆಲ ಮುಟ್ಟುವುದನ್ನು ಅರವತ್ತಕ್ಕೆ ನಿಲ್ಲಿಸಿ. ತರಗತಿಯಲ್ಲಿ ಅಲೆಗ್ರೊ, ಅಂದರೆ ಜಿಗಿತದ ಭಾಗ, ಜೋರಾಗಿದ್ದ ದಿನ ಒಂದೂ ಬೇಡ.

ಇಳಿಯುವಾಗ ಧಪ್ ಅಂತ ಸದ್ದು. ಟೀಚರ್ ದಿನಾ ಬೈತಾರೆ.

ಬೈಯುವುದರ ಹಿಂದೆ ಲೆಕ್ಕವಿದೆ. 30 ಸೆಂ.ಮೀ. ಮೇಲಿಂದ ಬಂದ ಮೈಯನ್ನು ಮಂಡಿ, ಕಾಲ್ಗಂಟು ಬಗ್ಗಿಸುತ್ತ 30 ಸೆಂ.ಮೀ. ಅಂತರದಲ್ಲಿ ನಿಲ್ಲಿಸಿದರೆ ನೆಲ ಒತ್ತುವ ಸರಾಸರಿ ಬಲ ಮೈತೂಕದ ಎರಡು ಪಟ್ಟು. 10 ಸೆಂ.ಮೀ.ನಲ್ಲಿ ನಿಲ್ಲಿಸಿದರೆ ನಾಲ್ಕು ಪಟ್ಟು. ಕಾಲು ಕಂಬದ ಹಾಗಿಟ್ಟು 3 ಸೆಂ.ಮೀ.ನಲ್ಲಿ ನಿಂತರೆ ಹನ್ನೊಂದು ಪಟ್ಟು. 50 ಕಿಲೋ ಹುಡುಗಿಗೆ ಅದು 550 ಕಿಲೋ, ಅದೂ ಸರಾಸರಿ. ಆ ಸದ್ದು ಮೂಳೆಗೆ ಹೋದ ಪೆಟ್ಟು. ಸದ್ದಿಲ್ಲದೆ ಇಳಿಯಲು ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಹಾಗಾಗಿ ಸ್ಕ್ವಾಟಿನಲ್ಲಿ ಕೆಳಗಿಳಿಯುವುದನ್ನು ನಾಲ್ಕು ಎಣಿಸುತ್ತ ನಿಧಾನ ಮಾಡಿ. ಸದ್ದು ಮೊದಲ ಜಿಗಿತಗಳಲ್ಲಿ ಇರದೆ ಕೊನೆಯವುಗಳಲ್ಲಿ ಬಂದರೆ ನೀವು ದಣಿದಿದ್ದೀರಿ, ಅಲ್ಲಿಗೆ ನಿಲ್ಲಿಸಿ.

## ನೋವು, ಊಟ, ವಾರದ ಲೆಕ್ಕ

ಮಂಡಿ ಕೆಳಗೆ ಮೂಳೆಯ ಮುಂಭಾಗ ನೋಯುತ್ತೆ. ಬಾಮ್ ಹಚ್ಚಿಕೊಂಡು ಕ್ಲಾಸಿಗೆ ಹೋಗಬಹುದಾ?

ಮೂಳೆಗುಂಟ ಅಗಲವಾಗಿ ನೋಯುತ್ತಿದ್ದು, ಮೈ ಕಾದ ಮೇಲೆ ತಗ್ಗಿದರೆ ಜಿಗಿತ ಎರಡು ವಾರ ಅರ್ಧಕ್ಕಿಳಿಸಿ ನೋಡಬಹುದು. ಒಂದೇ ಬೆರಳಿನಿಂದ ತೋರಿಸಬಹುದಾದ ಒಂದೇ ಜಾಗದಲ್ಲಿ ಚುಚ್ಚಿದರೆ, ಒಂಟಿಕಾಲಲ್ಲಿ ಕುಪ್ಪಳಿಸಿದಾಗ ಜೀವ ಹೋದಂತಾದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಜಿಗಿತ ಇವತ್ತೇ ನಿಲ್ಲಿಸಿ ಮೂಳೆ ವೈದ್ಯರ ಬಳಿ ಹೋಗಿ. ಸಣ್ಣ ಬಿರುಕು ಮೊದಲ ವಾರಗಳ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ‘ಎಕ್ಸ್‌ರೇ ಚೆನ್ನಾಗಿದೆ’ ಎಂದು ಮರುದಿನವೇ ಜಿಗಿಯಬೇಡಿ, ಎಂಆರ್‌ಐ ಬೇಕೇ ಎಂದು ಕೇಳಿ. ಅಮೆರಿಕನ್ ಬ್ಯಾಲೆ ಥಿಯೇಟರಿನ ಮಿಸ್ಟಿ ಕೋಪ್‌ಲ್ಯಾಂಡ್ 2012ರಲ್ಲಿ ಇಂಥ ಬಿರುಕುಗಳ ಮೇಲೆಯೇ ಕುಣಿದು, ಕೊನೆಗೆ ಕಾಲಿಗೆ ಲೋಹದ ಪಟ್ಟಿ ಹಾಕಿಸಿಕೊಳ್ಳಬೇಕಾಯಿತು. ಅವರು ಮರಳಿ ಬಂದರು, 2015ರಲ್ಲಿ ಪ್ರಧಾನ ನರ್ತಕಿಯಾದರು. ಅಂಥ ವೈದ್ಯರ ಪಡೆ ನಮ್ಮ ನಿಮ್ಮ ಬೆನ್ನಿಗಿಲ್ಲ.

ನಾವು ಸಸ್ಯಾಹಾರಿಗಳು. ಪ್ರೋಟೀನ್ ಪುಡಿ ತಗೊಳ್ಳಲೇಬೇಕಾ?

ಲೆಕ್ಕ ಹಾಕದೆ ಡಬ್ಬ ಕೊಳ್ಳಬೇಡಿ. ಬಲದ ಸಾಧನೆ ಮಾಡುವವರಿಗೆ ಮೈತೂಕದ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ, ಅಂದರೆ 50 ಕಿಲೋದವರಿಗೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ತಿಳಿಸಾರು ಅನ್ನ, ರಾತ್ರಿ ಚಿತ್ರಾನ್ನ ಎಂದರೆ ಅರ್ಧವೂ ಸೇರದು. ಬಸ್ಸಾರಿನಲ್ಲಿ ಕಟ್ಟನ್ನು ಕುಡಿದು ಕಾಳನ್ನು ತಟ್ಟೆಯಂಚಿಗೆ ತಳ್ಳುವ ಮಕ್ಕಳು ಬಿಡುತ್ತಿರುವುದು ಅದನ್ನೇ. ಹುರುಳಿ, ಹೆಸರು, ಅಲಸಂದೆ, ಕಡಲೆ, ಸೋಯಾ, ಪನೀರು, ಎರಡು ಹೊತ್ತು ಗಟ್ಟಿ ಮೊಸರು, ತಿನ್ನುವವರಿಗೆ ಮೊಟ್ಟೆ. ಮೂಳೆಗೆ ರಾಗಿಯಿದೆ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಊಟದ ಜೊತೆ ಕಾಫಿ ಬೇಡ, ಕಬ್ಬಿಣಾಂಶ ಹೀರಲು ಅದು ಅಡ್ಡಿ. ನಿಂಬೆ ಹಿಂಡಿಕೊಳ್ಳಿ.

ಒಂದು ರಕ್ತಪರೀಕ್ಷೆ ಮಾತ್ರ ಮಾಡಿಸಿ, ವಿಟಮಿನ್ ಡಿ. ಇಂಗ್ಲೆಂಡಿನ ವೃತ್ತಿಪರ ಬ್ಯಾಲೆ ನರ್ತಕರಿಗೆ ಚಳಿಗಾಲದ ನಾಲ್ಕು ತಿಂಗಳು ದಿನಕ್ಕೆ 2000 ಐಯು ಕೊಟ್ಟು ನೋಡಿದಾಗ ಕಾಲಿನ ಬಲವೂ ಜಿಗಿತದ ಎತ್ತರವೂ ಹೆಚ್ಚಿದ್ದವು, ಗಾಯ ಕಡಿಮೆಯಾಗಿತ್ತು. ನಮ್ಮಲ್ಲಿ ಬಿಸಿಲಿದೆ ಎಂಬ ಧೈರ್ಯ ಬೇಡ. ಶಾಲೆ, ಟ್ಯೂಷನ್, ಸ್ಟುಡಿಯೊ ಎಂದು ದಿನವಿಡೀ ಸೂರಿನಡಿ ಇರುವ ಬೆಂಗಳೂರಿನ ಮಕ್ಕಳಲ್ಲೂ ಕೊರತೆ ಸಾಮಾನ್ಯ. ಮಾತ್ರೆ ಎಷ್ಟು ಎಂಬುದನ್ನು ವೈದ್ಯರು ಹೇಳಲಿ.

ಮೂರು ಕಿಲೋ ಇಳಿಸಿದ್ರೆ ಇನ್ನೂ ಎತ್ತರ ಜಿಗೀಬಹುದಲ್ವಾ?

ಹಸಿದ ಮೈ ಮೊದಲು ಬಿಟ್ಟುಕೊಡುವ ಸಾಮಾನುಗಳಲ್ಲಿ ಸ್ನಾಯುವೂ ಒಂದು. ಮುಟ್ಟು ಮೂರು ತಿಂಗಳು ನಿಂತಿದ್ದರೆ ಅದನ್ನು ಶಿಸ್ತಿನ ಗುರುತು ಎಂದುಕೊಳ್ಳಬೇಡಿ, ಮೂಳೆ ತೆಳುವಾಗುತ್ತಿರುವ ಸೂಚನೆ ಅದು. ವೈದ್ಯರನ್ನು ಕಾಣಿ. ತೂಕ ಇಳಿಸು ಎಂದು ಬೆಳೆಯುವ ಹುಡುಗಿಗೆ ಹೇಳುವ ಗುರುವನ್ನೂ ಬದಲಿಸಿ.

ಪ್ರದರ್ಶನ ಇರೋ ತಿಂಗಳಲ್ಲಿ ಜಿಮ್ ಬಿಡಬೇಕಾ?

ಬಿಡಬೇಡಿ, ಕಡಿಮೆ ಮಾಡಿ. ಭಾರ ಅಷ್ಟೇ ಇರಲಿ, ಸೆಟ್ ಮೂರರಿಂದ ಒಂದೆರಡಕ್ಕೆ, ದಿನ ಎರಡರಿಂದ ಒಂದಕ್ಕೆ ಇಳಿಸಿ. ಗಳಿಸಿದ ಬಲ ಹಲವು ವಾರ ಉಳಿಯಲು ಅಷ್ಟು ಸಾಕು. ಎಲ್ಲರೂ ಮಾಡುವ ತಪ್ಪು ಇದರ ತಲೆಕೆಳಗು: ಭಾರ ಇಳಿಸಿ ಸಂಖ್ಯೆ ಏರಿಸುತ್ತಾರೆ, ಕಾಲು ದಣಿಯುತ್ತದೆ, ಬಲವೂ ಉಳಿಯುವುದಿಲ್ಲ. ರಂಗಕ್ಕೆ ಹೋಗುವ ಹಿಂದಿನ ಎರಡು ದಿನ ಭಾರ ಮುಟ್ಟಬೇಡಿ.

ನನಗೆ ಮೂವತ್ತೆಂಟು. ಎರಡು ಮಕ್ಕಳ ತಾಯಿ. ಬ್ಯಾಲೆ ಶುರು ಮಾಡಿದೀನಿ, ಜಿಗಿದ್ರೆ ನಗ್ತಾರಾ?

ನಗುವವರು ನಗಲಿ. ಮೊದಲ ಮೂರು ತಿಂಗಳು ಬಲ ಮತ್ತು ಇಳಿಯುವ ಅಭ್ಯಾಸ, ಜಿಗಿತ ಆಮೇಲೆ. ಸ್ನಾಯು ಬೇಗ ಗಟ್ಟಿಯಾಗುತ್ತದೆ, ರಜ್ಜು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಈ ವಯಸ್ಸಿನವರ ಹಿಮ್ಮಡಿ ನೋವಿನ ಮೂಲ ಆ ಅಂತರದಲ್ಲಿದೆ. ಹೆರಿಗೆಯ ನಂತರ ಜಿಗಿದಾಗ ಮೂತ್ರ ಸೋರುವುದುಂಟು. ಸಂಕೋಚಪಟ್ಟು ತರಗತಿ ಬಿಡಬೇಡಿ, ಅದಕ್ಕೆಂದೇ ವ್ಯಾಯಾಮ ಹೇಳಿಕೊಡುವ ಫಿಸಿಯೋಗಳಿದ್ದಾರೆ.

ಡಬಲ್ ಟೂರ್‌ನಲ್ಲಿ ಎರಡನೇ ಸುತ್ತು ಪೂರ್ತಿ ಆಗ್ತಿಲ್ಲ. ಇನ್ನೂ ಬಲ ಬೇಕಾ?

ಹುಡುಗರ ಪ್ರಶ್ನೆ. ಗಾಳಿಯಲ್ಲಿ ನೆಟ್ಟಗೆ ಎರಡು ಸುತ್ತು ಸುತ್ತಿ ಇಳಿಯುವುದಕ್ಕೆ 0.6 ಸೆಕೆಂಡ್ ಸಿಕ್ಕರೆ ಸಾಕಾಗುತ್ತದೆ, ಅಂದರೆ 44 ಸೆಂ.ಮೀ. ಎತ್ತರ. ಮೇಲೆ ಹೇಳಿದ ಹಾಗೆ ಅಳೆದು ನೋಡಿ. ಅಷ್ಟು ಎತ್ತರವಿದ್ದೂ ಸುತ್ತು ಮುಗಿಯದಿದ್ದರೆ ತಪ್ಪು ನೆಲದಲ್ಲೇ ಆಗಿದೆ. ಪಾದ ನೆಲ ಬಿಟ್ಟ ಮೇಲೆ ಹೊಸ ತಿರುಗು ಹುಟ್ಟಿಸಲು ಯಾರಿಂದಲೂ ಆಗದು. ನೆಲವನ್ನು ಒದ್ದು ಪಡೆದದ್ದನ್ನೇ, ಕೈಕಾಲು ನಡುಗೆರೆಗೆ ಎಳೆದುಕೊಂಡು ವೇಗ ಮಾಡಿಕೊಳ್ಳಬೇಕು. ತೆಂಕುತಿಟ್ಟಿನ ವೇಷಧಾರಿ ದಿಗಿಣ ಹೊಡೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು. ಅಷ್ಟು ಭಾರದ ವೇಷ ಹೊತ್ತವರು ಮೊದಲು ನೆಲದಿಂದ ತಿರುಗು ತೆಗೆದುಕೊಂಡೇ ಏಳುತ್ತಾರೆ.

ನನ್ನ ಹುಡುಗರಲ್ಲಿ ಎರಡು ದೋಷ ಮತ್ತೆ ಮತ್ತೆ ಕಾಣುತ್ತವೆ. ಒಂದು, ತೋಳು ಎದೆಗೆ ತಡವಾಗಿ ಬರುತ್ತದೆ. ಇನ್ನೊಂದು, ಹೊರಡುವಾಗ ಹೆಗಲು ವಾಲಿ ಅಕ್ಷವೇ ಸೊಟ್ಟಗಾಗುತ್ತದೆ. ಒಂದೇ ಸುತ್ತನ್ನು ತೋಳು ಬೇಗ ಮುಚ್ಚಿ, ಇಳಿದಾಗ ಮೂರು ಸೆಕೆಂಡ್ ಅಲ್ಲಾಡದೆ ನಿಲ್ಲುವವರೆಗೆ ಮಾಡಿ. ಇಳಿಯುವಾಗ ಸುತ್ತು ಉಳಿದಿದ್ದು ಪಾದ ನೆಲಕ್ಕೆ ಕಚ್ಚಿಕೊಂಡರೆ ಉಳಿದ ತಿರುಗನ್ನು ಮಂಡಿ ತಿನ್ನುತ್ತದೆ. ಆದ್ದರಿಂದ ಒಂದೂಮುಕ್ಕಾಲು ಸುತ್ತಿನ ಡಬಲ್ ಟೂರನ್ನು ಹಟಕ್ಕೆ ಇಪ್ಪತ್ತು ಸಲ ಮಾಡಬೇಡಿ. ದಿನಕ್ಕೆ ಆರು ಪ್ರಯತ್ನ, ಅದೂ ಮೈ ಕಾದ ಮೇಲೆ, ದಣಿಯುವ ಮೊದಲು, ಜಾರದ ಆದರೆ ಕಚ್ಚದ ನೆಲದಲ್ಲಿ. ಶೂವಿನ ತಳಕ್ಕೆ ರಾಳ ಬಳಿದುಕೊಂಡಿದ್ದರೆ ಒರೆಸಿಕೊಂಡು ಬನ್ನಿ.